ಮೂರನೇ ನಂಬರಿನ ಹೃದಯ

ದೆವ್ವ, ಶಕುನ, ಮುನ್ಸೂಚನೆ ಇಂಥವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಶುರುಮಾಡಿದರೆ ಎದ್ದು ಕಾಫಿಗೆ ಹೋಗುವ ಜಾತಿ ನನ್ನದು. ಅಂಥ ನಾನೇ ಇದನ್ನು ಬರೆಯುತ್ತಿದ್ದೇನೆ, ನಗುವವರು ನಗಲಿ.

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಸಾಂಟಾ ಕ್ಲಾರಾದ ಒಂದು ಪುಟ್ಟ ಕಂಪನಿಯಲ್ಲಿ, ಹೃದಯದ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ತೋರಿಸುವುದು ನನ್ನ ಕೆಲಸ. ನಾಳ ಕವಲೊಡೆಯುವ ಕಡೆ ರಕ್ತ ನಿಧಾನವಾಗಿ ಸುಳಿ ಸುತ್ತುತ್ತದೆ. ಕಾಲುವೆಯ ತಿರುವಿನಲ್ಲಿ ಹೂಳು ನಿಂತ ಹಾಗೆ, ಗೋಡೆಗೆ ಕೊಬ್ಬು ಕಟ್ಟುವುದೂ ಹೆಚ್ಚಾಗಿ ಅಲ್ಲೇ. ರಕ್ತದ ಬದಲು ತೆರೆಯ ಮೇಲೆ ಬಿಳಿ ಚುಕ್ಕೆಗಳನ್ನು ಹರಿಸಿ ನೋಡುತ್ತಿದ್ದೆವು. ಹೋಲಿಸಲು ಆರೋಗ್ಯವಂತರ ಹೃದಯವೂ ಬೇಕಲ್ಲ? ನಮ್ಮ ಆಫೀಸಿನವರೇ ಹೋಗಿ ಸ್ಕ್ಯಾನಿಗೆ ಮಲಗಿ ಬರುತ್ತಿದ್ದರು. ಹೆಸರಿಲ್ಲ, ಬರೀ ನಂಬರು.

ಮೂರನೇ ನಂಬರಿನ ನಾಳದಲ್ಲಿ, ಕವಲಿನ ಕೆಳಗೆ, ಗೋಡೆಯಿಂದ ಒಳಕ್ಕೆ ಒಂದು ಸಣ್ಣ ಉಬ್ಬಿತ್ತು. ಚುಕ್ಕೆಗಳು ಅಲ್ಲಿ ಸುಳಿಗೆ ಸಿಕ್ಕಿ ಹೊರಬರುತ್ತಲೇ ಇರಲಿಲ್ಲ. ಆರೋಗ್ಯವಂತನಿಗೆ ಉಬ್ಬೆಲ್ಲಿಂದ ಬರಬೇಕು, ಸ್ಕ್ಯಾನಿನದೇ ದೋಷ ಅಂದುಕೊಂಡೆ. ಮಾರನೆಯ ದಿನ ಡೆಮೊ ಬೇರೆ ಇತ್ತು. ಉಬ್ಬನ್ನು ಅಳಿಸಿ ನುಣುಪು ಮಾಡಿ, ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿದೆ. ಚುಕ್ಕೆಗಳು ಸರಾಗವಾಗಿ ಹರಿದವು.

ಅಷ್ಟರಲ್ಲಿ ಬಸಣ್ಣ ಒಳಗೆ ಬಂದ. ಮಂಡ್ಯದವನು, ನನಗಿಂತ ನಾಲ್ಕು ವರ್ಷ ದೊಡ್ಡವನು. ಇಬ್ಬರೂ ಫ್ರೀಮಾಂಟಿನಿಂದ ಒಂದೇ ಕಾರಿನಲ್ಲಿ ಬರುತ್ತಿದ್ದೆವು.

"ಮೂರನೇದು ನಂದೇ ಕಣ್ಲಾ. ಹೆಂಗೈತೆ?"

"ಭಾನುವಾರದ ಫ್ರೀವೇ ಥರ ಇದೆ ಬಸಣ್ಣ, ಒಂದೂ ಅಡ್ಡಿಯಿಲ್ಲ" ಅಂದೆ.

ಆಗಲೇ ಕರೆಂಟು ಹೋಯಿತು. ಆ ವರ್ಷ ಕ್ಯಾಲಿಫೋರ್ನಿಯಾದಲ್ಲೂ ಹಾಗೆ ತೆಗೆಯುತ್ತಿದ್ದರು. "ಅಯ್ಯೋ ಶಿವನೇ, ಲೋಡ್ ಶೆಡ್ಡಿಂಗು ಇಲ್ಲಿಗೂ ಬಂತಾ!" ಎಂದು ಬಸಣ್ಣ ನಕ್ಕ. ಕಿಟಕಿಯಿಲ್ಲದ ಕೋಣೆ, ಬಾಗಿಲಿನದು ಕರೆಂಟಿನ ಬೀಗ, ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಮಟಮಟ ಮಧ್ಯಾಹ್ನ ಗವ್ವೆನ್ನುವ ಕತ್ತಲು. ತಟ್ಟಿದೆವು, ಕೂಗಿದೆವು. ಎಲ್ಲರೂ ಊಟಕ್ಕೆ ಹೋಗಿದ್ದರು. ಸೆಖೆ ಏರಿತು. ಗಾಳಿಯೇ ಸಾಲದೆನಿಸಿ ನಾನು ಬಾಗಿಲ ಸಂದಿಗೆ ಮೂಗು ಹಚ್ಚಿದೆ.

"ಸರ್ಕೋ ಅತ್ಲಾಗೆ, ಹೆಗಲು ಕೊಟ್ಟು ಒಡೀತೀನಿ" ಎಂದ ಬಸಣ್ಣ.

ಆಗ ಕಂಡೆ. ಆರಿಹೋಗಿದ್ದ ತೆರೆಯ ಮೇಲೆ ಬಿಳಿ ಚುಕ್ಕೆಗಳು, ಅದೇ ಕವಲಿನ ಕೆಳಗೆ, ಸುತ್ತುತ್ತಿದ್ದವು. ಬೆಳಕು ನೋಡಿದ ಕಣ್ಣಿನ ಭ್ರಮೆ ಎಂದು ಕಣ್ಣು ಮುಚ್ಚಿದೆ, ಹೋದವು. ತೆರೆದೆ, ಇದ್ದವು. ಒಂದೊಂದಾಗಿ ನಿಲ್ಲುತ್ತಾ ಬಂದವು. ಬಸಣ್ಣನ ಅಂಗಿ ಹಿಡಿದು ಜಗ್ಗಿದೆ.

"ನಿನ್ನ ದಮ್ಮಯ್ಯ ಬಸಣ್ಣ, ಬಾಗಿಲು ಮುಟ್ಟಬೇಡ, ಕೂತ್ಕೋ!"

"ತಲೆ ಕೆಟ್ಟೈತೇನ್ಲಾ?" ಎಂದರೂ ಕೂತ. ಅವನ ಅಂಗಿ ಬೆವರಿಗೆ ತೊಯ್ದಿತ್ತು. ಮೆಲ್ಲಗೆ ಹೇಳಿದ: "ಬೆಳಿಗ್ಗೆಯಿಂದ ಎಡದ ಭುಜ ಹಿಡ್ಕೊಂಡೈತೆ. ಗ್ಯಾಸು ಅಂತ ಜೀರಿಗೆ ನೀರು ಕುಡ್ದೆ."

ಕರೆಂಟು ಬಂದು ಬಾಗಿಲು ತೆರೆಯುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಹಟ ಹಿಡಿದು ನೇರ ಆಸ್ಪತ್ರೆಗೆ ಕರೆದೊಯ್ದೆ. ಕವಲಿನ ಕೆಳಗೇ ನಾಳ ಮುಚ್ಚಿಹೋಗುವುದರಲ್ಲಿತ್ತು. ಬಾಗಿಲಿಗೆ ಹೆಗಲು ಕೊಟ್ಟಿದ್ದರೆ ಅಲ್ಲೇ ಮುಗಿದುಹೋಗಬಹುದಿತ್ತು ಎಂದರು ಡಾಕ್ಟರು.

ಕರೆಂಟಿಲ್ಲದ ತೆರೆಯಲ್ಲಿ ನಾನು ಕಂಡದ್ದೇನು? ಬಸಣ್ಣನಿಗೆ ಏನೂ ಕಾಣಲಿಲ್ಲವಂತೆ. ಅವನು ಮಾತ್ರ ಈಗಲೂ ಮನೆಗೆ ಬಂದವರಿಗೆಲ್ಲ "ಇವನ ಕಂಪ್ಯೂಟರು ನನ್ ಜೀವ ಉಳಿಸ್ತು" ಎನ್ನುತ್ತಾನೆ. ಅವನ ಹೆಂಡತಿ, ನಮ್ಮ ಅತ್ತಿಗೆ, ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತಾರೆ. ಕಂಪ್ಯೂಟರು ತೋರಿಸಿದ್ದನ್ನು ಅಳಿಸಿಹಾಕಿದವನೇ ನಾನು ಎಂದು ಹೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಮುದ್ದೆ ಮುರಿದು ನುಂಗುತ್ತೇನೆ.