ವೈರು ಹಾಕದ ಪೆಡಲು

ಟೀವಿ ಇನ್ನೂ ಎಲ್ಲರ ಮನೆಗೆ ಬಂದಿರದ, ಬೇಸಿಗೆ ಬಂತೆಂದರೆ ಊರಿನ ಗಂಡಸರೆಲ್ಲ ರಾಜರೂ ಮಂತ್ರಿಗಳೂ ಆಗಿಬಿಡುತ್ತಿದ್ದ ದಿನಗಳವು. ಹೊನ್ನವಳ್ಳಿಯ ನಮ್ಮ ನಡುಮನೆಯಲ್ಲೇ ನಾಟಕದ ಪ್ರಾಕ್ಟೀಸು. ಮೇಲೆ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ, ಕೆಳಗೆ ಚಾಪೆಯ ಮೇಲೆ ಪಾರ್ಟಿನವರು. ಕೊಬ್ಬರಿಯ ಎಣ್ಣೆ ವಾಸನೆ, ಬೀಡಿ ವಾಸನೆ, ಅಮ್ಮ ಕಲಸುತ್ತಿದ್ದ ಮಂಡಕ್ಕಿಯ ಈರುಳ್ಳಿ ವಾಸನೆ ಎಲ್ಲ ಒಂದಾಗಿ ಮೂಗಿಗೆ ಹೊಡೆಯುತ್ತಿತ್ತು. ಕುಂಟೆಬಿಲ್ಲೆ ಬಿಟ್ಟು ನಾನೂ ಅಲ್ಲೇ ಕೂರುತ್ತಿದ್ದೆ.

ಹಾಡು ಕಲಿಸಲು ಅರಳಗುಪ್ಪೆಯಿಂದ ರಂಗಪ್ಪ ಮೇಷ್ಟ್ರು ಬರುತ್ತಿದ್ದರು. ನಲವತ್ತು ವರ್ಷ ಕಾಲು ಹಾರ್ಮೋನಿಯಂ ನುಡಿಸಿದವರು. ಕಾಲಲ್ಲಿ ತುಳಿದು ಗಾಳಿ ತುಂಬುವುದು, ಎರಡು ಕೈಯಲ್ಲೂ ಬಾರಿಸುವುದು. ಆ ವರ್ಷ ಅದರ ಗಾಳಿ ತುಂಬುವ ಚರ್ಮದ ತಿದಿಯನ್ನು ಇಲಿಗಳು ಕಡಿದು ಹಾಕಿದ್ದವು. ಅಪ್ಪ ತಿಪಟೂರಿನ ಆರ್ಕೆಸ್ಟ್ರಾದವರೊಬ್ಬರಿಂದ ಹಳೆಯ ಕೀಬೋರ್ಡು ತಂದರು, ಜೊತೆಗೊಂದು ಪೆಡಲು. ಅದರ ಗುಂಡಿಗಳನ್ನೆಲ್ಲ ಒತ್ತಿ ಒತ್ತಿ ಕಲಿತವಳು ಐದನೇ ಕ್ಲಾಸಿನ ನಾನು. ಹಾಗಾಗಿ ಮೇಷ್ಟ್ರಿಗೆ ನಾನೇ ಮೇಷ್ಟ್ರು!

ಮೊದಲ ದಿನವೇ ಫಜೀತಿ. ಎಡಗಡೆಯ ಕೀ ಒತ್ತಿದರೆ ಒಂದು ವಾದ್ಯ, ಬಲಗಡೆಯದು ಒತ್ತಿದರೆ ಇನ್ನೊಂದು. ಮೇಷ್ಟ್ರ ಎಡಗೈ ಕೆಳಗಿನ ಸ್ವರಕ್ಕೆ ಇಳಿದಾಗಲೆಲ್ಲ ಹಾರ್ಮೋನಿಯಂ ಹೋಗಿ ಗಿಟಾರು ಗುಂಯ್ ಎನ್ನುತ್ತಿತ್ತು.

"ಇದ್ಯಾರವ್ವ ಒಳಗೆ ಸೇರ್ಕಂಡಿರೋರು?" ಎಂದರು.

ಎರಡು ವಾದ್ಯಗಳ ನಡುವಿನ ಗಡಿಯನ್ನು ಎಡತುದಿಯ ಕೀಗೆ ಸರಿಸಿ, ಉದ್ದಕ್ಕೂ ಹಾರ್ಮೋನಿಯಮ್ಮೇ ಬರುವಂತೆ ಮಾಡಿಕೊಟ್ಟೆ.

ಪೆಡಲು ಮಾತ್ರ ಬಗ್ಗಲಿಲ್ಲ. ಅದನ್ನು ತುಳಿದರೆ ಕೈ ಬಿಟ್ಟ ಮೇಲೂ ಸ್ವರ ನುಡಿಯುತ್ತಲೇ ಇರುತ್ತದೆ. ಮೇಷ್ಟ್ರೋ ಗಾಳಿ ತುಂಬುವವರಂತೆ ಒಂದೇ ಸಮನೆ ತುಳಿಯುವರು. ಸ್ವರವೆಲ್ಲ ಕಲಸಿ ಚಿತ್ರಾನ್ನ. "ತುಳೀಬೇಡಿ ಮೇಷ್ಟ್ರೇ" ಎಂದರೆ, "ತುಳೀದೆ ಹೆಂಗವ್ವ ನುಡೀತದೆ?" ಎನ್ನುವರು. ಕರೆಂಟಿನಿಂದ ನುಡಿಯುತ್ತದೆ ಎಂದು ಹೇಳಿದರೂ ಅವರ ಕಾಲು ಕೇಳುತ್ತಿರಲಿಲ್ಲ. ಕೊನೆಗೊಂದು ಸಂಜೆ, ಅವರು ಬರುವ ಮುಂಚೆಯೇ, ಪೆಡಲಿನ ವೈರನ್ನು ಕೀಬೋರ್ಡಿನ ಹಿಂದಿನಿಂದ ಕಿತ್ತು ಚಾಪೆಯ ಕೆಳಗೆ ತೂರಿಸಿಟ್ಟೆ.

ಅವತ್ತು ಅವರು ನುಡಿಸಿದ ರೀತಿ! ಕಾಲು ಹಾಕಿದ ಲಯಕ್ಕೆ ಕೈ ಓಡುತ್ತಿತ್ತು. "ಈಗ ಹದಕ್ಕೆ ಬಂತು ನೋಡು" ಎಂದು ಹಿಗ್ಗಿದರು. ಮೂರು ವಾರ ನಾನು ಯಾರಿಗೂ ಹೇಳಲಿಲ್ಲ. ಖುಷಿಯಲ್ಲಿದ್ದ ಮೇಷ್ಟ್ರು ಪ್ರಾಕ್ಟೀಸು ಮುಗಿದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಹೇಳಿಕೊಡತೊಡಗಿದರು.

ಒಂದು ದಿನ ಎಲ್ಲರ ಮುಂದೆ ನುಡಿಸುವಾಗ ನನಗೆ ತಾಳ ತಪ್ಪಿತು.

"ಕಾಲು ಆಡಿಸ್ದೆ ಬರೀ ಬೆರಳಲ್ಲಿ ಬಾರ್ಸಿದ್ರೆ ಹಿಂಗೇಯ. ಜೀವ ಎಲ್ಲಿಂದ ಬತ್ತದೆ? ನನ್ನ ಕಾಲು ನೋಡು" ಎಂದರು ಮೇಷ್ಟ್ರು.

ರಾಜನ ಪಾರ್ಟಿನ ಬಸಣ್ಣ, "ಹೋಗ್ಲಿ ಬುಡಿ ಮೇಷ್ಟ್ರೇ, ಹೆಣ್ಣುಡ್ಗಿ" ಎಂದ.

ನನಗೆ ಮೈಯೆಲ್ಲ ಉರಿಯಿತು. ಚಾಪೆ ಎತ್ತಿ ವೈರು ಹಿಡಿದು ತೋರಿಸಿದೆ.

"ವೈರೇ ಹಾಕಿಲ್ಲ ಮೇಷ್ಟ್ರೇ! ಮೂರು ವಾರದಿಂದ ನೀವು ಸುಮ್ನೆ ತುಳೀತಿದ್ದೀರ."

ನಡುಮನೆಯೆಲ್ಲ ನಗು. ಬಸಣ್ಣ ಹೊಟ್ಟೆ ಹಿಡಿದುಕೊಂಡು ಉರುಳಾಡಿದ. ಅಪ್ಪ ನನ್ನನ್ನು ಗದರಿದರು, ಆದರೆ ಅವರ ಮೀಸೆಯಡಿಯೂ ನಗುವಿತ್ತು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಮೇಷ್ಟ್ರೂ ಸ್ವಲ್ಪ ನಕ್ಕರು. ಆಮೇಲೆ ಕಾಲನ್ನು ಹಿಂದಕ್ಕೆಳೆದುಕೊಂಡು ಹಾಡು ಶುರುಮಾಡಿದರು. ಎರಡನೇ ಸಾಲಿಗೇ ಬೆರಳು ತಡವರಿಸಿತು. ಮತ್ತೆ ಶುರುಮಾಡಿದರು, ಮತ್ತೆ ಅಲ್ಲೇ ನಿಂತರು.

ಮಾರನೆಯ ದಿನ ನಾನೇ ಪೆಡಲನ್ನು ಅವರ ಕಾಲ ಬಳಿ ಇಟ್ಟು, "ತುಳೀರಿ ಮೇಷ್ಟ್ರೇ, ಪರವಾಗಿಲ್ಲ" ಎಂದೆ.

"ಗೊತ್ತಾದ್ಮೇಲೆ ಕಾಲು ಬರಾಕಿಲ್ಲ ಕಣವ್ವ" ಎಂದರು.

ಆ ವಾರದ ಕೊನೆಗೆ ಬರುವುದನ್ನೇ ಬಿಟ್ಟರು. ನಾಟಕಕ್ಕೆ ತಿಪಟೂರಿನಿಂದ ಬೇರೆಯವರು ಬಂದು ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ಅರಳಗುಪ್ಪೆ ಏನು ಏಳು ಸಮುದ್ರದಾಚೆ ಇರಲಿಲ್ಲ, ಆದರೂ ನಾನು ಹೋಗಲಿಲ್ಲ. ಎರಡು ವರ್ಷದ ನಂತರ ಮೇಷ್ಟ್ರು ತೀರಿಕೊಂಡರೆಂದು ಬಸ್ಸಿನಲ್ಲಿ ಯಾರೋ ಹೇಳಿದರು.

ಈಗ ಯಾವ ಕೀಬೋರ್ಡು ಕೊಟ್ಟರೂ ನಿಮಿಷದಲ್ಲಿ ಸರಿಮಾಡಿಕೊಡುತ್ತೇನೆ. ಮೇಷ್ಟ್ರಿಗೆ ಇನ್ನೂರಕ್ಕೂ ಹೆಚ್ಚು ಹಾಡು ಬಾಯಿಗೇ ಬರುತ್ತಿದ್ದವಂತೆ. ನನ್ನಲ್ಲಿ ಉಳಿದಿರುವುದು ಹತ್ತೋ ಹನ್ನೊಂದೋ. ಉಳಿದದ್ದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ, ಊರಿನ ನಾಟಕವೂ ನಿಂತುಹೋಯಿತು. ಈ ಕಥೆಯನ್ನು ನನ್ನ ಮಕ್ಕಳಿಗೆ ಹೇಳುವಾಗಲೆಲ್ಲ, ಅವತ್ತು ಎಲ್ಲರೂ ನಕ್ಕರು, ನಾನೊಬ್ಬಳು ನಗಲಿಲ್ಲ ಎಂದೇ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಮೊದಲು ನಕ್ಕವಳು ನಾನೇ.