ಮುನೀಂದ್ರನ ಬ್ಯಾನರ್

ನಮ್ಮ ಹುಣಸಮಾರನಹಳ್ಳಿಯಲ್ಲಿ ಯಾರು ಹುಟ್ಟಲಿ, ಯಾರು ಸಾಯಲಿ, ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಬ್ಯಾನರ್ ಏಳಲೇಬೇಕು. ಅವುಗಳಲ್ಲಿ ಮುಕ್ಕಾಲು ಪಾಲು ರಾಧಾಮಣಿಯ ಕೈಯವು. ನನ್ನ ಹೊಲಿಗೆ ಅಂಗಡಿಗೆ ಅಂಟಿಕೊಂಡೇ ಅವಳ ಅಂಗಡಿ. ಗಂಡ ಮುನೀಂದ್ರ ಆರ್ಡರ್ ಹಿಡಿದು ತರುತ್ತಿದ್ದ, ಅವಳು ಕಂಪ್ಯೂಟರಿನಲ್ಲಿ ಡಿಸೈನ್ ಮಾಡುತ್ತಿದ್ದಳು, ಯಲಹಂಕದಲ್ಲಿ ಪ್ರಿಂಟ್ ಹಾಕಿಸಿ ತಂದು ಅವನೇ ಕಂಬಕ್ಕೆ ಕಟ್ಟುತ್ತಿದ್ದ.

ಸತ್ತವರ ಬ್ಯಾನರಿನಲ್ಲೂ ಊರ ಲೀಡರಿನ ತಲೆ ಕುಂಬಳಕಾಯಿಯಷ್ಟು, ಸತ್ತವನದು ನಿಂಬೆಹಣ್ಣಿನಷ್ಟು. “ಬೆಂಕಿ ಬಿದ್ದ ಮನೇಲಿ ಗಳ ಹಿರಿಯೋದು ಅಂದ್ರೆ ಇದೇ” ಎಂದು ನಾನು ಬೈದರೆ ಮುನೀಂದ್ರ ನಗುತ್ತಿದ್ದ. “ನಂಗ್ ಮಾತ್ರ ಇಂಗ್ ಮಾಡ್ಬೇಡ ಕಣೇ. ನಾನೊಬ್ನೇ ಇರ್ಬೇಕು” ಎಂದು ಹೆಂಡತಿಗೆ ಹೇಳುತ್ತಿದ್ದ. ತಮಾಷೆಗೆ ಆಡಿದ ಮಾತು. ಅವನಿಗಿನ್ನೂ ನಲವತ್ತು ದಾಟಿರಲಿಲ್ಲ.

ಆಯುಧಪೂಜೆಗೆ ಅಂಗಡಿ ಬಾಗಿಲಿಗೆ ಕಟ್ಟಿದ ಬಾಳೆಕಂದು ಒಣಗುವ ಮೊದಲೇ ಅವನಿಗೆ ಎದೆನೋವು ಬಂತು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳ ಸಾಲಿನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡಿದ್ದಾಗಲೇ ಹೋಗಿಬಿಟ್ಟ.

ತಿಥಿಯ ಹಿಂದಿನ ದಿನ ಬೆಳಗ್ಗೆ ರಾಧಾಮಣಿಯ ಮೈದುನ ಗಿರಿ ಬಂದ. ಲೀಡರಿನ ಹಿಂದೆ ಮುಂದೆ ಓಡಾಡುವ ಆಸಾಮಿ. “ಅತ್ತಿಗೆ, ಬ್ಯಾನರ್ ಚಿಂತೆ ಬಿಡಿ. ಲೀಡರ್ ಕಡೆಯಿಂದ್ಲೇ ಹಾಕುಸ್ತಾರಂತೆ” ಎಂದ.

“ಬೇಡ. ನಿಮ್ಮಣ್ಣಂದು ನಾನೇ ಮಾಡ್ತೀನಿ.”

“ಸಂಜೆ ಒಳಗ್ ಆಗ್ಲಿಲ್ಲ ಅಂದ್ರೆ ಅವ್ರಿಗೇ ಹೇಳ್ಬಿಡ್ತೀನಿ” ಎಂದು ಹೊರಟ.

ರಾಧಾಮಣಿ ಅತ್ತೆ ಮುನಿಕೃಷ್ಣಮ್ಮನ ಜೊತೆ ಬಂದು ಅಂಗಡಿ ತೆಗೆದಳು. ಕಂಪ್ಯೂಟರ್ ಹಾಕಿದರೆ ಒಳಗೆ ಫ್ಯಾನ್ ತಿರುಗುತ್ತದೆ, ಕೀ ಕೀ ಎನ್ನುತ್ತದೆ, ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಾನು ಅದಕ್ಕೂ ಬೈದೆ. ಕೆಟ್ಟರೆ ಬಿಚ್ಚುವುದು ಯಾವಾಗಲೂ ಮುನೀಂದ್ರನ ಕೆಲಸ. ಅವಳು ಅದರ ಒಂದು ಸ್ಕ್ರೂ ಮುಟ್ಟಿದವಳಲ್ಲ.

ಆ ಕಂಪ್ಯೂಟರ್ ಮಾರಿದ್ದು ಗಂಗಾನಗರದ ಗುಲಾಮ್ ರಸೂಲ್. ಫೋನ್ ಮಾಡಿದರೆ ಮದುವೆಗೆಂದು ಕೋಲಾರದಲ್ಲಿದ್ದ. “ಗ್ರಾಫಿಕ್ಸ್ ಕಾರ್ಡ್ ಸರಿಯಾಗಿ ಕೂತಿಲ್ಲ ಅನ್ಸತ್ತೆ ಅಕ್ಕ. ಚಿತ್ರ ತೋರ್ಸೋದು ಅದೇನೇ. ಮೊದ್ಲು ಪ್ಲಗ್ ಕಿತ್ತಾಕಿ. ಸೈಡ್ ಬಾಗ್ಲು ತೆಗೀರಿ, ಕಾರ್ಡ್ ತೆಗ್ದು ವಾಪಸ್ ಕೂರ್ಸಿ.”

ನಾನು ಮೊಬೈಲ್ ಟಾರ್ಚ್ ಹಿಡಿದೆ. ಅವನು ಹೇಳಿದಂತೆ ಅವಳು ಮೈಯಲ್ಲಿನ ಕರೆಂಟ್ ಇಳಿಯಲೆಂದು ಡಬ್ಬದ ಕಬ್ಬಿಣ ಮುಟ್ಟಿ, ಕಾರ್ಡಿಗೆ ಬಂದಿದ್ದ ಕರೆಂಟಿನ ವೈರ್ ಕಿತ್ತು, ತುದಿಯಲ್ಲಿದ್ದ ಪುಟ್ಟ ಚಿಲಕ ಒತ್ತಿ, ಕಾರ್ಡನ್ನು ಮೆಲ್ಲಗೆ ಎಳೆದಳು. ಕೈಗೆ ಬಂದದ್ದನ್ನು ಮೂವರೂ ಬಗ್ಗಿ ನೋಡಿದೆವು. ಕಾರ್ಡಿನ ತುಂಬ ಕುಂಕುಮ.

ಅದು ಮುನೀಂದ್ರನ ಪೂಜೆ. “ಡಬ್ಬಕ್ಕೆ ಇಕ್ಕುದ್ರೆ ಏನ್ ಬಂತು? ದುಡಿಯೋದು ಒಳಗಿರೋದು” ಎಂದು ಪ್ರತಿ ಆಯುಧಪೂಜೆಗೂ ಬಾಗಿಲು ಬಿಚ್ಚಿ ಒಳಗೇ ಅರಿಸಿನ ಕುಂಕುಮ ಇಡುತ್ತಿದ್ದ. ಈ ಸಲ ಎಣ್ಣೆಯಲ್ಲಿ ಕಲಸಿದ್ದನೋ ಏನೋ, ಅದು ಇಳಿದು ಕಾರ್ಡಿನ ಬುಡದ ಚಿನ್ನದ ಬಣ್ಣದ ಹಲ್ಲುಗಳಿಗೆ ಮೆತ್ತಿಕೊಂಡಿತ್ತು.

“ಅದ್ನ ರಬ್ಬರಲ್ಲಿ ಉಜ್ಜಿ ತೆಗೀಬೇಕು ಅಕ್ಕ” ಎಂದ ರಸೂಲ್.

ಮುನಿಕೃಷ್ಣಮ್ಮ ಸೊಸೆಯ ಕೈ ಹಿಡಿದುಕೊಂಡಳು. “ಅವ್ನ್ ಇಕ್ಕಿದ್ ಕುಂಕ್ಮ ಕಣವ್ವ. ಅದ್ನ ಅಳುಸ್ಬೇಡ.”

“ಅಳುಸ್ದೆ ಇದ್ರೆ ಅವ್ರ ಮುಖ ಬರಲ್ಲ ಅತ್ತೆ.”

ಮಾರನೆಯ ದಿನ ಅವಳ ಹಣೆಯದನ್ನೂ ತೆಗೆಸುವುದಿತ್ತು. ಅವಳಿಗೂ ಗೊತ್ತು, ನಮಗೂ ಗೊತ್ತು. ಆ ಹಾಳು ಶಾಸ್ತ್ರ ಮಾಡಿಟ್ಟವರು ಎದುರಿಗಿದ್ದಿದ್ದರೆ ನನ್ನ ಕತ್ತರಿಗೆ ಕೆಲಸವಿರುತ್ತಿತ್ತು. ರಾಧಾಮಣಿ ಹಲ್ಲು ಕಚ್ಚಿ ಉಜ್ಜಿದಳು. ಕೆಂಪು ಪುಡಿ ಅವಳ ಸೀರೆಯ ಮಡಿಲಿಗೆ ಉದುರಿತು. ಅತ್ತೆ ಅದನ್ನು ಬೆರಳಲ್ಲಿ ಬಳಿದು ಬಳಿದು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. ನಾನು ಟಾರ್ಚ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಕಾರ್ಡನ್ನು ಟಕ್ ಎನ್ನುವವರೆಗೂ ಒತ್ತಿ ಕೂರಿಸಿದಳು. ಪ್ಲಗ್ ಹಾಕಿದರೆ ಮತ್ತೆ ‘ನೋ ಸಿಗ್ನಲ್’. ಅವಳು ನೆಲದ ಮೇಲೆ ಕುಸಿದಳು. “ಇದೂ ಆಗ್ಲಿಲ್ವಲ್ಲ ಗೌರಕ್ಕ, ನನ್ ಕೈಲಿ ಏನೂ ಆಗಲ್ಲ” ಎಂದು ಗಂಡ ಹೋದ ಮೇಲೆ ಮೊದಲ ಸಲ ಜೋರಾಗಿ ಅತ್ತಳು. ಫೋನಿನಲ್ಲಿ ರಸೂಲ್ ಕಾದ. ಅವಳು ಮೂಗು ಒರೆಸಿಕೊಂಡ ಮೇಲೆ ಕೇಳಿದ, “ಕಾರ್ಡಿಂದ ಕಿತ್ತಿದ್ ವೈರ್ ವಾಪಸ್ ಹಾಕುದ್ರಾ ಅಕ್ಕ?”

ಹಾಕಿರಲಿಲ್ಲ. ಹಾಕಿದಳು. ಪರದೆ ಬೆಳಗಿತು.

ಸಂಜೆಯೊಳಗೆ ಬ್ಯಾನರ್ ಯಲಹಂಕಕ್ಕೆ ಹೋಯಿತು. ತಿಥಿಯ ದಿನ ಸರ್ಕಲ್ಲಿನಲ್ಲಿ ಮುನೀಂದ್ರ ಒಬ್ಬನೇ ನಿಂತಿದ್ದ. ಮೇಲೆ ಅಗಲವಾದ ಅವನ ಮುಖ, ಕೆಳಗೆ ಹೆಸರು, ಎಲ್ಲಕ್ಕಿಂತ ಕೆಳಗೆ ‘ದುಃಖತಪ್ತ ಪತ್ನಿ ರಾಧಾಮಣಿ’ ಎಂದು ಒಂದು ಸಾಲು. ಬೇರೆ ಒಂದು ತಲೆಯಿಲ್ಲ.

ವಾರ ಕಳೆಯುವಷ್ಟರಲ್ಲಿ ಲೀಡರಿನ ಹುಟ್ಟುಹಬ್ಬ ಬಂತು. ಬ್ಯಾನರಿನ ಆರ್ಡರ್ ಬಂದದ್ದೂ ಅವಳಿಗೇ. ಒಲ್ಲೆ ಎಂದರೆ ನಾಳೆಯಿಂದ ಅಂಗಡಿಗೆ ಯಾರೂ ಬರುವುದಿಲ್ಲ. ಅದನ್ನು ಮುನೀಂದ್ರನ ಬ್ಯಾನರಿದ್ದ ಕಂಬಗಳಿಗೇ, ಅದರ ಮೇಲೆಯೇ ಕಟ್ಟುತ್ತಾರೆ ಎಂದೂ ಗೊತ್ತಿತ್ತು. ಅದಕ್ಕೇ ಕೇಳಿದ್ದಕ್ಕಿಂತ ಒಂದು ಅಡಿ ಕಡಿಮೆ ಎತ್ತರಕ್ಕೆ ಮಾಡಿದಳು. “ಮೇಲ್ಗಡೆ ಅವ್ರ ಕಣ್ಣಷ್ಟಾದ್ರೂ ಕಾಣ್ಲಿ ಗೌರಕ್ಕ” ಎಂದಳು.

ಕಟ್ಟಿದವರು ಮೇಲಿನ ಅಂಚಿಗೆ ಅಂಚು ಸೇರಿಸಿ ಕಟ್ಟಿಬಿಟ್ಟರು. ಮುನೀಂದ್ರನ ಕಣ್ಣು, ಮುಖ, ಹೆಸರು ಎಲ್ಲ ಮುಚ್ಚಿಹೋಯಿತು. ನಗುತ್ತಿರುವ ಲೀಡರಿನ ಹುಟ್ಟುಹಬ್ಬದ ಕೆಳಗೆ ಉಳಿದದ್ದು ಆ ಒಂದು ಸಾಲು, ‘ದುಃಖತಪ್ತ ಪತ್ನಿ ರಾಧಾಮಣಿ’. ಬಸ್ಸಿಗೆ ನಿಂತವರು ನಕ್ಕರು. ಗಿರಿ ಓಡಿಬಂದ. “ಜನ ಆಡ್ಕೊಂತಾವ್ರೆ ಅತ್ತಿಗೆ. ಲೀಡರ್ ಬರೋದ್ರೊಳಗೆ ಏನಾದ್ರೂ ಮಾಡಿ.”

ಅವಳು ನನ್ನ ಅಂಗಡಿಯ ಸ್ಟೂಲ್ ಎತ್ತಿಕೊಂಡು ಹೊರಟಳು. “ಕಿತ್ತು ಬಿಸಾಕು ಅವ್ನ್ ಬ್ಯಾನರ್‌ನ” ಎಂದೆ ನಾನು, ಹಿಂದೆಯೇ ಹೋಗಿ.

“ಅದನ್ ಕಿತ್ರೆ ಇವ್ರದ್ನೂ ಕೀಳ್ತಾರೆ ಗೌರಕ್ಕ. ಹಿಂದ್ಗಡೆನಾದ್ರೂ ಇರ್ಲಿ.”

ಸ್ಟೂಲ್ ಹತ್ತಿ, ತನ್ನ ಹೆಸರಿದ್ದ ಆ ಸಾಲನ್ನು ಮೇಲಕ್ಕೆ ಮಡಚಿ, ಲೀಡರಿನ ಬ್ಯಾನರಿನ ಹಿಂದೆ ತೂರಿಸಿ, ಕಾಣದ ಹಾಗೆ ದಾರದಲ್ಲಿ ಬಿಗಿದು ಕಟ್ಟಿದಳು.