ಗಿಡ ಇಟ್ಕೊಳ್ತೀರಾ?

ಮಸ್ಕತ್ತಿನಲ್ಲಿ ಶರತ್ಕಾಲ ಬಂದದ್ದು ಎಲೆ ಉದುರುವುದರಿಂದ ಗೊತ್ತಾಗುವುದಿಲ್ಲ. ಉದುರುವುದೆಲ್ಲ ಬೇಸಿಗೆಯಲ್ಲೇ ಉದುರಿ ಮುಗಿದಿರುತ್ತದೆ. ಅಕ್ಟೋಬರಿನ ಒಂದು ಬೆಳಿಗ್ಗೆ ಹಿತ್ತಲಿನ ಪೈಪಿನಲ್ಲಿ ಕೈ ಸುಡದ ನೀರು ಬರುತ್ತದೆ. ರೌಂಡ್‌ಅಬೌಟಿನಲ್ಲಿ ನಗರಸಭೆಯ ಆಳುಗಳು ಪೆಟೂನಿಯಾ ಸಸಿ ನೆಡುತ್ತಾರೆ. ನನ್ನ ಹೆಂಡತಿ ಅದನ್ನು ನೋಡಿ ಬಂದು ಅದೇ ಸಂಜೆ ಬಸಳೆ ದಂಟು ನೆಡುತ್ತಾಳೆ. ನಮ್ಮ ಪಂಚಾಂಗ ಅಷ್ಟೇ.

ಎಣ್ಣೆ ಬೆಲೆ ಕುಸಿದ ವರ್ಷ ದಂಟು ತರಕಾರಿ ಬುಟ್ಟಿಯಲ್ಲೇ ಉಳಿಯಿತು. ನಮ್ಮ ಕಂಪನಿ ತೈಲಬಾವಿಗಳಿಗೆ ಬಿಡಿಭಾಗ ಒದಗಿಸುತ್ತಿತ್ತು. ಬಾವಿ ಕೊರೆಯುವುದು ನಿಂತ ಮೇಲೆ ಆಫೀಸಿನಲ್ಲಿ ಚಹಾ ಕುಡಿಯುವ ಕೆಲಸ ಮಾತ್ರ ಸರಿಯಾಗಿ ನಡೆಯುತ್ತಿತ್ತು. ಬಸಳೆ ಚಪ್ಪರ ಹತ್ತುವವರೆಗೆ ನಾವು ಇಲ್ಲಿರುತ್ತೇವೆಯೇ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

“ನೆಡುವುದಾ, ಬೇಡವಾ?” ಹೆಂಡತಿ ದಿನಾ ಕೇಳುತ್ತಿದ್ದಳು.

“ನೋಡುವ.”

“ನೋಡ್ತಾ ಕೂತ್ರೆ ಬೇರು ಬರ್ತದಾ?”

ಅಷ್ಟರಲ್ಲಿ ಹಿತ್ತಲು ತಾನಾಗಿಯೇ ತುಂಬತೊಡಗಿತ್ತು. ನಾವಿದ್ದ ರೂವಿ ಬಡಾವಣೆಯ ನಮ್ಮ ಕಡೆಯವರಲ್ಲಿ ಕೆಲಸ ಹೋಯಿತು, ಊರಿಗೆ ಮರಳುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಫೋನ್ ಮಾಡಿ, ಸೆಕೆ, ಮಕ್ಕಳ ಪರೀಕ್ಷೆ ಎಲ್ಲ ಮಾತಾಡಿ, ಕೊನೆಗೆ “ಒಂದೆರಡು ಗಿಡ ಉಂಟು, ಇಟ್ಕೊಳ್ತೀರಾ?” ಎನ್ನುತ್ತಿದ್ದರು. ಯಾಕೆ ಎಂದು ನಾವು ಕೇಳುವಂತಿರಲಿಲ್ಲ. ನೆಲಮಹಡಿಯ ಹಿತ್ತಲು ಇದ್ದದ್ದು ನಮಗೊಬ್ಬರಿಗೇ. ಕರಿಬೇವು, ಮಲ್ಲಿಗೆ, ದೊಡ್ಡಪತ್ರೆ ಪಿಕಪ್ಪಿನಲ್ಲಿ ಬಂದಿಳಿದವು. ತುಳಸಿಯಂತೂ ಪ್ರತಿ ಮನೆಯಿಂದ ಬಂತು, ಅದನ್ನು ಖಾಲಿ ಮನೆಯಲ್ಲಿ ಬಿಟ್ಟುಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಹೆಂಡತಿ ಸಂಜೆ ಎಲ್ಲ ತುಳಸಿಗೂ ಒಂದೊಂದು ಬತ್ತಿ ಹಚ್ಚುತ್ತಿದ್ದಳು. ಹೊರಗಿನಿಂದ ನೋಡಿದವರು ನಮಗೆ ಏನೋ ಒಳ್ಳೆಯದಾಗಿದೆ ಎಂದುಕೊಳ್ಳಬೇಕು. ಹಿತ್ತಲು ಅಷ್ಟು ಹಸಿರಾಗಿದ್ದದ್ದು ಆ ವರ್ಷ ಮಾತ್ರ. ನನಗೆ ಅದನ್ನು ಕಂಡರೆ ಹೆದರಿಕೆಯಾಗುತ್ತಿತ್ತು.

ಒಂದು ದಿನ ಕೇಳಿ ಕೇಳಿ ಸಾಕಾಗಿ ಅವಳು ದಂಟನ್ನು ನೆಟ್ಟೇಬಿಟ್ಟಳು. “ಇನ್ನು ನಿಮ್ಮ ಮ್ಯಾನೇಜರ್ ಏನು ಬೇಕಾದ್ರೂ ಮಾಡ್ಲಿ” ಎಂದಳು.

ಅವರು ಮಾಡಿದರು. ಬಸಳೆ ಚಿಗುರಿದ ವಾರ ನನ್ನನ್ನು ಒಳಗೆ ಕರೆದು, ಎಂದೂ ಇಲ್ಲದ ಹಾಗೆ ಕುರ್ಚಿ ತೋರಿಸಿದರು. ಆಗಲೇ ನನಗೆ ಗೊತ್ತಾಯಿತು.

ಮನೆಗೆ ಬಂದಾಗ ಹೆಂಡತಿ ಗಿಡಗಳಿಗೆ ನೀರು ಬಿಡುತ್ತಿದ್ದಳು.

“ಮೇಲಿನ ಮನೆ ಅಕ್ಕನಿಗೆ ಒಂದೆರಡು ಗಿಡ ಬೇಕಾ ಕೇಳು,” ಎಂದೆ.

ಪೈಪು ಅವಳ ಕೈಯಲ್ಲೇ ಇಳಿದು ನೀರು ಕಾಲ ಮೇಲೆ ಹರಿಯಿತು. ಯಾಕೆ ಎಂದು ಅವಳೂ ಕೇಳಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಫೋನ್ ಮಾಡಿದಳು. ಸೆಕೆಯ ಮಾತಾಯಿತು, ಪರೀಕ್ಷೆಯ ಮಾತಾಯಿತು, ಆಮೇಲೆ ಕೇಳಿದಳು. ಉಡುಪಿಯ ಆ ಅಕ್ಕನ ಸ್ವರ ನನಗೂ ಕೇಳುವಷ್ಟು ಜೋರಾಗಿ ಬಂತು.

“ಅಯ್ಯೋ, ನಾನೇ ನಿನಗೆ ಫೋನ್ ಮಾಡ್ಬೇಕೂಂತ ಇದ್ದೆ ಮಾರಾಯ್ತಿ. ನಮ್ಮದೊಂದು ತುಳಸಿ ಉಂಟಲ್ಲ…”

ಹೆಂಡತಿ ನನ್ನ ಮುಖ ನೋಡಿದಳು.

“ತನ್ನಿ ಅಕ್ಕ, ಇಲ್ಲೇ ಇಡುವ,” ಎಂದು ಫೋನ್ ಇಟ್ಟು, ಒಂದು ಬತ್ತಿ ಹೆಚ್ಚಿಗೆ ಹೊಸೆಯಲು ಕುಳಿತಳು.